ಹಗುರ ರಿವಾಲ್ವರಿನ ಒದೆತ

ಆಗೆಲ್ಲ ದೊಡ್ಡನೆಕ್ಕುಂದಿಯ ಸುತ್ತ ಕಾರ್ಖಾನೆಗಳ ಗೋಡೆ ಏಳುತ್ತಿದ್ದವು. ಗೋಡೆ ಎದ್ದಲ್ಲೆಲ್ಲ ನನ್ನ ಜೊತೆ ಕುಂಟಾಬಿಲ್ಲೆ ಆಡುವವರು ಒಬ್ಬೊಬ್ಬರಾಗಿ ಕಡಿಮೆಯಾದರು. ಜಮೀನು ಬಿಟ್ಟುಕೊಟ್ಟವರು ಊರೊಳಗೆ ಮನೆ ಕಟ್ಟಿಕೊಂಡು ಹೋದರು. ಅಪ್ಪ ತೀರಿಕೊಂಡಿದ್ದರಿಂದ ತೋಟದ ಮನೆಯಲ್ಲಿ ಉಳಿದದ್ದು ಅವ್ವ, ನಾನು. ಒಬ್ಬಳೇ ಕುಂಟಿ, ನಾನೇ ಸೋತು ನಾನೇ ಗೆಲ್ಲುವ ಆಟ ಬಲು ಬೇಸರದ್ದು.

ಅಪ್ಪನ ರಿವಾಲ್ವರಿನ ಲೈಸೆನ್ಸು ಅವ್ವನ ಹೆಸರಿಗೆ ಬಂದಿತ್ತು. ಅದು ಗುಂಡುಕಲ್ಲಿನಷ್ಟು ಭಾರ. ಅಪ್ಪ ಅದರಲ್ಲೇ ಅವ್ವನಿಗೂ ಗುರಿ ಕಲಿಸಿದ್ದ. ದೊಡ್ಡಪ್ಪ ಅದನ್ನು ಪೇಟೆಯ ಬಂದೂಕಿನ ಅಂಗಡಿಗೆ ಕೊಟ್ಟು, "ಎಂಗಸ್ರ ಕೈಗೆ ಅಗುರವಾಗಿರ್ಲಿ" ಎಂದು ಚಿಕ್ಕದೊಂದನ್ನು ತಂದರು. ಆಯುಧಪೂಜೆಯ ದಿನ ಹಿತ್ತಲಿನ ಮಣ್ಣುದಿಬ್ಬಕ್ಕೆ ಗುಂಡು ಹಾರಿಸುವುದು ನಮ್ಮ ಮನೆಯ ಪದ್ಧತಿ.

"ಈ ಸಲ ನೀನೇ ಹೊಡಿ ಗೌರಮ್ಮ. ಕೈಲಾಗ್ಲಿಲ್ಲ ಅಂದ್ರೆ ಮಗೀನ ಕರ್ಕಂಡು ನಮ್ಮನೆಗೆ ಬಂದ್ಬಿಡು. ಈ ಕಾಡಲ್ಲಿ ಇಬ್ರೇ ಇರೋದು ಬ್ಯಾಡ," ಎಂದರು ದೊಡ್ಡಪ್ಪ. ಅವ್ವ ಒಪ್ಪಿದಳು.

ನನಗೆ ಒಳಗೊಳಗೇ ಖುಷಿ. ದೊಡ್ಡಪ್ಪನ ಮನೆ ತುಂಬ ಮಕ್ಕಳು, ಒಂದೇ ತಟ್ಟೆಗೆ ಕೈ ಹಾಕಿ ಜಗಳವಾಡುವವರು. ಅವ್ವನ ಕೈಲಾಗದಿರಲಿ ಎಂದು ಊದುಬತ್ತಿಯ ಹೊಗೆಯಲ್ಲಿ ಆ ರಿವಾಲ್ವರಿಗೇ ಕೈಮುಗಿದೆ.

ಆಯುಧ ಅಂದಮೇಲೆ ಎಣ್ಣೆ ಸವರಿ ಗಂಧ ಬಳಿಯಬೇಕಲ್ಲ, ದೊಡ್ಡಪ್ಪ ಹಿಡಿಗೂ ಧಾರಾಳವಾಗಿ ಬಳಿದಿದ್ದರು. ಒರೆಸಿದರೆ ಅಪಚಾರವೆಂದು ಹಾಗೇ ಕೊಟ್ಟರು. ಢಂ! ರಿವಾಲ್ವರು ಹಿಂದಕ್ಕೆ ಒದ್ದು, ಹಿಡಿ ಅವ್ವನ ಅಂಗೈಯಲ್ಲಿ ಜಾರಿ ತಿರುಗಿತು. ಹೆಬ್ಬೆರಳಿನ ಬುಡ ಸುಲಿದು ರಕ್ತ ಬಂತು.

"ನಾನೇಳ್ಲಿಲ್ವಾ? ನಡಿ, ಗಂಟುಮೂಟೆ ಕಟ್ಟು," ಎಂದರು ದೊಡ್ಡಪ್ಪ.

"ಆ ಭಾರದ್ದು ಅರ್ಧ ಒದೆತ ತಾನೇ ನುಂಗ್ಕೋತಿತ್ತು ಭಾವ. ಇದು ಅಗುರ, ಎಲ್ಲಾ ನನ್ ಕೈಗೇ ಕೊಡ್ತದೆ. ಸ್ವಲ್ಪ ತಡೀರಿ."

ಅವ್ವ ಹಿಡಿಯ ಜಿಡ್ಡನ್ನು ಬೂದಿ ಹಾಕಿ ಉಜ್ಜಿದಳು. ಅಪ್ಪನ ಸೈಕಲ್ಲಿನ ಹಳೇ ಟ್ಯೂಬು ಕತ್ತರಿಸಿ, ಆ ತೆಳ್ಳನೆಯ ಹಿಡಿ ಅಂಗೈ ತುಂಬುವಂತೆ ದಪ್ಪಗೆ ಸುತ್ತಿದಳು. ಎರಡೂ ಕೈಯಲ್ಲಿ ಹಿಡಿದು ಮತ್ತೆ ಹೊಡೆದಳು. ತೋಳು ಮೇಲಕ್ಕೆದ್ದರೂ ಹಿಡಿತ ಬಿಡಲಿಲ್ಲ. ದಿಬ್ಬದ ನಡುಮಧ್ಯದಲ್ಲಿ ಮಣ್ಣು ಚಿಮ್ಮಿತು.

"ಒದೀತದೆ ಭಾವ. ಆದ್ರೂ ತಡ್ಕೋತೀನಿ. ನಾವಿಲ್ಲೇ ಇರ್ತೀವಿ."

ನಾನು ಗೊಳೋ ಎಂದು ಅತ್ತೆ. ಸದ್ದಿಗೆ ಬೆದರಿದೆನೆಂದುಕೊಂಡ ಅವ್ವ ನನ್ನನ್ನು ತಬ್ಬಿಕೊಂಡಳು. ಅವಳ ಸೆರಗು ಮದ್ದು, ಗಂಧ, ರಬ್ಬರು ಎಲ್ಲ ಕಲಸಿದ ವಾಸನೆ ಹೊಡೆಯುತ್ತಿತ್ತು.

"ಎದರ್ಬ್ಯಾಡ ಮಗಾ, ನಾನಿದೀನಲ್ಲ," ಎಂದಳು. ನಾನು ಅತ್ತದ್ದು ಅದಕ್ಕಲ್ಲ, ದೊಡ್ಡಪ್ಪನ ಮನೆ ತಪ್ಪಿತೆಂದು.

ಈಗ ಆ ತೋಟದ ಮೇಲೆ ಹತ್ತಾರು ಅಂತಸ್ತಿನ ಕಟ್ಟಡ ಎದ್ದಿದೆ, ಅದರಲ್ಲೊಂದು ಮನೆ ನನ್ನದು. ಸಂಜೆಯಾದರೆ ಕೆಳಗಿನ ಮಕ್ಕಳ ಗಲಾಟೆಗೆ ಕಿವಿ ತೂತಾಗುತ್ತದೆ. ಅಂದು ಎಷ್ಟು ಜನ ಬೇಕೆಂದು ಬೇಡಿದ್ದೆನೋ ಅದಕ್ಕಿಂತ ಹೆಚ್ಚೇ ಜನರಿದ್ದಾರೆ. ಅವ್ವ ಇಲ್ಲ. ನಾನು ಒಂಟಿ ಎಂದು ಅಳುತ್ತಿದ್ದ ಆ ದಿನಗಳಲ್ಲಿ ನಾವು ಇಬ್ಬರಿದ್ದೆವು.