ಹೇರಿನ ಕಲ್ಲು

ನನಗೆ ಕುರ್ಚಿ ಕಂಡರೆ ಆಗುವುದಿಲ್ಲ. ಕನ್ನಡ-ಮರಾಠಿ ಗಡಿಯ ಊರಾದ ಸಂಖದ ಶಾಲೆಯಲ್ಲಿ ಮೂವತ್ತು ವರ್ಷ ವಿಜ್ಞಾನವನ್ನು ನಿಂತೇ ಕಲಿಸಿದವನು ನಾನು. ಹೋದ ತಿಂಗಳು ಹಲಗೆಯ ಮೇಲೆ ಗುರುತ್ವ ಕೇಂದ್ರದ ಚಿತ್ರ ಬರೆಯುತ್ತಿರುವಾಗಲೇ ತಲೆ ಗಿರ್ರನೆ ತಿರುಗಿ ನೆಲಕ್ಕೆ ಬಿದ್ದೆ. ಸ್ಥಿರತೆಯ ಪಾಠದಲ್ಲಿ ಮಕ್ಕಳಿಗೆ ನೆನಪುಳಿದಿರುವುದು ಅದೊಂದೇ ಪ್ರಯೋಗ.

ಕಿವಿಯೊಳಗೆ ಸಮತೋಲ ಕಾಯುವ ಸಣ್ಣ ಹರಳುಗಳಿರುತ್ತವಂತೆ. ನನ್ನವುಗಳಲ್ಲಿ ಒಂದೆರಡು ತಮ್ಮ ಜಾಗ ಬಿಟ್ಟಿವೆ ಎಂದರು ಜತ್ತದ ಡಾಕ್ಟರು. ಹಾಗಾದರೆ ಅವನ್ನು ಜಾಗಕ್ಕೆ ಕೂಡಿಸಬೇಕಲ್ಲ? ಅದು ಬಿಟ್ಟು ತಲೆಗೊಂದು ಗುಳಿಗೆ ಕೊಟ್ಟರು, ಆ ಗುಳಿಗೆ ಹೊಟ್ಟೆ ಉರಿಸದಂತೆ ಇನ್ನೊಂದು ಕೊಟ್ಟರು. ಎರಡೂ ಸೇರಿ ತರುವ ಮಂಪರಿಗೆ ಏನು ಎಂದು ಕೇಳಿದರೆ, ಮುಂದೆ ನೋಡೋಣ ಎಂದರು.

ಶಾಲೆಗೆ ಮರಳಿದರೆ ಹಲಗೆಯ ಪಕ್ಕದಲ್ಲಿ ಕುರ್ಚಿ. "ಸರ, ಇನ್ನ ಕುಂತ ಕಲಸ್ರಿ. ಇಲ್ಲಾಂದ್ರ ನಿಮ್ಮ ತಾಸಿಗೆ ಬ್ಯಾರೆಯವರನ್ನ ಹಚ್ಚಬೇಕಾಗ್ತದ," ಎಂದರು ಮುಖ್ಯಾಧ್ಯಾಪಕರು. ನನಗೆ ಮೈಯೆಲ್ಲ ಉರಿದುಹೋಯಿತು. ಕೆಟ್ಟದ್ದು ಕಿವಿ, ಶಿಕ್ಷೆ ಕಾಲಿಗೆ.

ನಮ್ಮ ಕಡೆ ಸಮತೋಲವೆಂದರೆ ಯಾವಾಗಲೂ ಹೀಗೆಯೇ. ಒಂದು ಕಡೆ ಭಾರವಾದರೆ ಇಳಿಸುವುದಿಲ್ಲ, ಇನ್ನೊಂದು ಕಡೆ ಹೇರುತ್ತಾರೆ. ಶಾಲೆಯ ವಾರ್ಷಿಕ ಸ್ನೇಹಸಮ್ಮೇಳನದಲ್ಲಿ ಕನ್ನಡದಲ್ಲಿ ಸ್ವಾಗತಗೀತೆಯಾದರೆ ಮರಾಠಿಯಲ್ಲಿಯೂ ಆಗಲೇಬೇಕು. ಅತಿಥಿಗಳು ಎರಡೆರಡು ಸಲ ಸ್ವಾಗತಗೊಳ್ಳುವಷ್ಟರಲ್ಲಿ ಚಹ ಆರಿ ತಣ್ಣಗಾಗಿರುತ್ತದೆ.

ಇದೇ ಸಿಟ್ಟಿನಲ್ಲಿ ಭಾನುವಾರ ಅಡ್ಡಾಡಲು ಹೊರಟವನಿಗೆ ಪಕ್ಕದೂರು ದರಿಬಡಚಿಯ ಕುರಿ ಕಾಯುವ ಲಗಮವ್ವ ಕಂಡಳು. ಕುರಿಗಳೊಂದಿಗೆ ಊರು ಬಿಟ್ಟು ಹೊರಡಲು ಕುದುರೆಗೆ ಹೇರು ಬಿಗಿಯುತ್ತಿದ್ದಳು. ಒಂದು ಕಡೆ ಪಾತ್ರೆ, ಹಾಸಿಗೆ ತುಂಬಿದ ಚೀಲ. ಇನ್ನೊಂದು ಕಡೆಯ ಚೀಲ ಹಗುರವಾಗಿ ಮೇಲೆದ್ದಿತ್ತು. ಅವಳು ದಾರಿಬದಿಯ ಕಲ್ಲೊಂದನ್ನು ಎತ್ತಿ ಅದರೊಳಗೆ ತುರುಕಿದಳು. ಇಲ್ಲಿಯೂ ಅದೇ!

"ಅಲ್ಲವ್ವಾ, ಸಾಮಾನು ಎರಡೂ ಕಡಿ ಸಮಾ ಹಂಚಬಾರದೇನು? ಆ ಮೂಕ ಜೀವಕ್ಕ ಸುಮ್ಮನ ಕಲ್ಲು ಹೊರಸ್ತಿ," ಎಂದು ರೇಗಿದೆ.

ಅವಳು ಹಗ್ಗ ಎಳೆಯುವುದನ್ನು ನಿಲ್ಲಿಸಲಿಲ್ಲ. "ಹಂಚಿದ್ರ ಎರಡೂ ತುಂಬತಾವ್ರಿ ಸರ. ದಾರ್ಯಾಗ ಕುರಿ ಈದ್ರ ಮರಿ ಎಲ್ಲಿ ಇಡ್ಲಿ? ಆವಾಗ ಕಲ್ಲು ಒಗದು ಮರಿ ಕುಂದ್ರಸ್ತೀನಿ. ಅಲ್ಲೀತನಕ ಕಲ್ಲು ಜಾಗಾ ಕಾಯ್ತೈತಿ."

ನಾನು ಕಲಿಸಿದ ತಕ್ಕಡಿಗಳಲ್ಲಿ ಇನ್ನೂ ಹುಟ್ಟದ ಮರಿಯ ತೂಕ ಎಂದೂ ಬಂದಿರಲಿಲ್ಲ. ಹಗ್ಗದ ಇನ್ನೊಂದು ತುದಿ ಹಿಡಿದುಕೊಟ್ಟು ಮನೆಗೆ ಬಂದೆ.

ಸೋಮವಾರ ಆ ಕುರ್ಚಿಯಲ್ಲಿ ಕುಳಿತೆ. ಸಿಟ್ಟೇನೂ ಇಳಿದಿರಲಿಲ್ಲ. ಆದರೆ ತಾಸು ನನ್ನದೇ, ಮಕ್ಕಳು ನನ್ನವೇ, ಸುಣ್ಣದ ಕಡ್ಡಿಯೂ ನನ್ನ ಕೈಯಲ್ಲೇ ಇತ್ತು. ಮುಖ್ಯಾಧ್ಯಾಪಕರು ಬಾಗಿಲಲ್ಲಿ ಇಣುಕಿ, "ಹೆಂಗ್ರಿ ಸರ, ಈಗ ಆರಾಮ ಅನಸ್ತದ?" ಎಂದರು.

"ಆರಾಮ ಏನಿಲ್ರಿ," ಎಂದೆ. "ಜಾಗಾ ಕಾಯಾಕತ್ತೀನಿ."