ಪದ್ಯದಲ್ಲಿ ಇಲ್ಲದ ಊಟ

ಕಳೆದ ಭಾನುವಾರ ಉರ್ವದ ಒಂದು ಸಭಾಂಗಣದಲ್ಲಿ ತಾಳಮದ್ದಳೆಗೆ ಕುಳಿತಿದ್ದೆ. ಎದುರಿನ ಕುರ್ಚಿಯಲ್ಲಿ ಬೈಕಂಪಾಡಿಯ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ಯುವಕ. ಮಾತು ಶುರುವಾಗುವ ಮೊದಲು ಜೇಬಿನಿಂದ ಜ್ಯೇಷ್ಠಮಧುವಿನ ತುಂಡು ತೆಗೆದು ಬಾಯಿಗೆ ಹಾಕಿಕೊಂಡ. ಆ ಸಿಹಿ ಬೇರಿನ ವಾಸನೆ ಬಂದದ್ದೇ ತಡ, ಕೂಟಕ್ಕೆ ಮೊದಲು ಯಾವಾಗಲೂ ಅದನ್ನೇ ಜಗಿಯುತ್ತಿದ್ದ ಮಾಸ್ಟ್ರ ನೆನಪಾಯಿತು... ನೆನಪಿನ ಜೊತೆಗೆ ಹಳೆಯ ಸಿಟ್ಟೂ ಬಂತು.

ಶಕ್ತಿನಗರದಲ್ಲಿ ನಮ್ಮ ಪಕ್ಕದ ಮನೆಯವರು ಅವರು. ಶಾಲೆಯಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾಗಿದ್ದರು. ನನ್ನನ್ನು ತಾಳಮದ್ದಳೆಗೆ ಎಳೆದದ್ದೂ ಅವರೇ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ್ಯ ಹಾಡುತ್ತಾರೆ, ನಾವು ಕುಳಿತಲ್ಲೇ ಅದಕ್ಕೆ ಅರ್ಥ ಹೇಳಬೇಕು. ಪದ್ಯ ಹಳೆಯದು, ಮಾತು ಆ ಹೊತ್ತಿನದು. ನಮ್ಮಿಬ್ಬರಿಗೆ ಹೆಚ್ಚಾಗಿ ಸಿಗುತ್ತಿದ್ದದ್ದು ಒಂದೇ ಪ್ರಸಂಗ. ದಾರಿ ತಪ್ಪಿದ ರಾಜನಿಗೆ ಅವನ ತಮ್ಮ ಬುದ್ಧಿ ಹೇಳುತ್ತಾನೆ, ಅಣ್ಣ ಕೇಳುವುದಿಲ್ಲ, ತಮ್ಮ ಬಿಟ್ಟು ಹೋಗುತ್ತಾನೆ. ಅವರು ಅಣ್ಣ, ನಾನು ತಮ್ಮ.

ಆ ಮನುಷ್ಯನ ಎದುರು ಕೂರುವುದೆಂದರೆ ತಲೆನೋವು. ನಾನು ವಾರಗಟ್ಟಲೆ ತಯಾರಿ ಮಾಡಿ ಹೋದರೆ ಅವರ ಅಣ್ಣ ಪ್ರತಿ ಸಲವೂ ಬೇರೆ. ಒಮ್ಮೆ ಗರ್ಜಿಸಿದ. ಒಮ್ಮೆ ನಾನು ಹೇಳಿದ್ದಕ್ಕೆಲ್ಲ ಹೌದು ಹೌದು ಎಂದು ತಲೆಯಾಡಿಸಿ ನನ್ನ ವಾದವನ್ನೇ ಕೆಡಿಸಿದ. ಇನ್ನೊಮ್ಮೆ ನಾನು ಭರ್ಜರಿಯಾಗಿ ಮಾತು ಮುಗಿಸಿ ಇನ್ನೇನು ಹೊರಡಬೇಕು, ಮಾಸ್ಟ್ರು ಒಮ್ಮೆ ಕೆಮ್ಮಿ ಕೇಳಿದರು: "ಊಟ ಮಾಡಿದೆಯಾ ತಮ್ಮಾ?"

ಹಾಗೆ ಕೇಳಿದ ಅಣ್ಣನನ್ನು ಬಿಟ್ಟು ಹೋಗುವುದಾದರೂ ಹೇಗೆ? ಸಭೆ ಕಾಯಿತು. ಕೊನೆಗೆ ಭಾಗವತರೇ ಮುಂದಿನ ಪದ್ಯ ಎತ್ತಿ ನನ್ನನ್ನು ಅರಮನೆಯಿಂದ ಹೊರಗೆ ಹಾಕಿದರು.

ಸ್ಕೂಟರಿನಲ್ಲಿ ವಾಪಸು ಬರುವಾಗ ದಾರಿಯುದ್ದಕ್ಕೂ ಜಗಳವಾಡಿದೆ.

"ಪ್ರಸಂಗದಲ್ಲಿ ಎಲ್ಲಿ ಉಂಟು ಮಾಸ್ಟ್ರೇ ಊಟದ ವಿಷಯ?"

"ಇಲ್ಲ ಅಂತ ಎಲ್ಲಿ ಉಂಟು ಮಾರಾಯ್ತಿ? ಅಣ್ಣ ಅಂದ ಮೇಲೆ ಒಂದು ಸಲ ಆದ್ರೂ ಕೇಳಿರುವುದಿಲ್ವಾ?"

"ಹಾಗಾದ್ರೆ ನಾನು ಎಂತ ಹೇಳ್ಬೇಕಿತ್ತು?"

"ಅದು ನನಗೆ ಹೇಗೆ ಗೊತ್ತು? ತಮ್ಮ ನೀನು."

ಮುಂದಿನ ಸಲ ಉತ್ತರ ಕೊಟ್ಟೇ ಕೊಡುತ್ತೇನೆ ಎಂದು ಹಟ ಹಿಡಿದೆ. ಆದರೆ ಆ ಪ್ರಶ್ನೆಯನ್ನು ಅವರು ಮತ್ತೆ ಕೇಳಲೇ ಇಲ್ಲ. ಯಾಕೆ ಎಂದು ಕೇಳಿದರೆ, ಒಮ್ಮೆ ಹೇಳಿದ್ದನ್ನೇ ಹೇಳಲು ನಾನು ಎಂತ ಟೇಪ್ ರೆಕಾರ್ಡರಾ ಎಂದು ನಕ್ಕುಬಿಡುತ್ತಿದ್ದರು. ಹೋದ ವರ್ಷ ಅವರೇ ತೀರಿಕೊಂಡರು...

ಯಾರೋ ಊಟದ ಪ್ರಶ್ನೆ ಬಂದ ಆ ದಿನದ ಕೂಟವನ್ನು ಫೋನಿನಲ್ಲಿ ಹಿಡಿದಿಟ್ಟಿದ್ದರಂತೆ. ಭಾನುವಾರ ಅದೇ ಪ್ರಸಂಗದಲ್ಲಿ ಅಣ್ಣನಾಗಿ ನನ್ನೆದುರು ಕುಳಿತ ಯುವಕ ಅದನ್ನು ಪೂರ್ತಿ ಬಾಯಿಪಾಠ ಮಾಡಿಕೊಂಡು ಬಂದಿದ್ದ. ಮಾಸ್ಟ್ರ ಮಾತು, ಮಾಸ್ಟ್ರ ಕೆಮ್ಮು, ಜ್ಯೇಷ್ಠಮಧುವನ್ನೂ ಬಿಟ್ಟಿರಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಜನರು ಥೇಟ್ ಮಾಸ್ಟ್ರೇ ಎಂದು ಚಪ್ಪಾಳೆ ತಟ್ಟುತ್ತಿದ್ದರು. ಹೇಳಿದ್ದನ್ನು ಎರಡನೇ ಸಲ ಹೇಳದ ಮನುಷ್ಯ ಇವನಲ್ಲಿ ಎಲ್ಲಿ ಕಂಡರೋ! ನಾನು ಮಾತು ಮುಗಿಸಿದೆ. ಅವನೂ ಹಾಗೆಯೇ ಒಮ್ಮೆ ಕೆಮ್ಮಿ ಕೇಳಿದ: "ಊಟ ಮಾಡಿದೆಯಾ ತಮ್ಮಾ?"

ಬೈಯಲು ಬಾಯಿ ತೆರೆದವಳಿಗೆ ಉತ್ತರ ಬಂದುಬಿಟ್ಟಿತು. "ಇಲ್ಲ ಅಣ್ಣಾ. ಚಿಕ್ಕಂದಿನಿಂದ ನೀನು ಕಲಸಿ ಕೊಟ್ಟ ತುತ್ತನ್ನೇ ಉಂಡವನು ನಾನು. ಇವತ್ತು ಆ ಕೈ ಮಾಡಿದ್ದನ್ನು ನೋಡಿದರೆ ನನಗೆ ಹಸಿವೇ ಆಗುವುದಿಲ್ಲ."

ಯುವಕ ಕಣ್ಣು ಕಣ್ಣು ಬಿಟ್ಟ. ರೆಕಾರ್ಡಿಂಗಿನಲ್ಲಿ ಅಲ್ಲಿಂದ ಮುಂದೆ ಇದ್ದದ್ದು ಭಾಗವತರ ಪದ್ಯ ಮಾತ್ರ. ಕೂಟ ಮುಗಿದ ಮೇಲೆ ಹತ್ತಿರ ಬಂದು, "ಅಕ್ಕಾ, ಅದಕ್ಕೆ ಮಾಸ್ಟ್ರು ಎಂತ ಹೇಳ್ತಿದ್ರು?" ಎಂದು ಕೇಳಿದ, ಪಾಪ.

"ನನಗೆ ಹೇಗೆ ಗೊತ್ತು ಮಾರಾಯ? ಅಣ್ಣ ನೀನು" ಎಂದು ಗದರಿದೆ.

ಅವನು ಏನಾದರೂ ಹುಡುಕಿಕೊಂಡು ಬಂದಾನು, ಬರಲಿ. ನನಗೆ ಬೇಕಾದದ್ದು ಮಾಸ್ಟ್ರ ಉತ್ತರ. ಇಷ್ಟು ವರ್ಷಕ್ಕೆ ಒಂದು ಸಲ ನಾನು ಗೆದ್ದೆ, ಎದುರು ಕುರ್ಚಿಯಲ್ಲಿ ಅವರಿಲ್ಲ... ಇಂಥ ತಲೆನೋವನ್ನು ಅವರು ಇದ್ದಾಗಲೂ ಕೊಟ್ಟಿರಲಿಲ್ಲ.