ನಡುವೆ ಉಳಿದ ಒಂದು ಮನೆ

ಟೈಲ್ಸ್ ಮೇಸ್ತ್ರಿಗೆ ಐದು ಸಾವಿರದ ನಲವತ್ತು ಎಂಬ ಸಂಖ್ಯೆ ಪಂಚಪ್ರಾಣ. ಒಂದರಿಂದ ಹತ್ತರವರೆಗೆ ಯಾವುದರಿಂದ ಭಾಗಿಸಿದರೂ ಅದರಲ್ಲಿ ಚೂರೂ ಉಳಿಯುವುದಿಲ್ಲ. ನೆಲ ಹಾಸುತ್ತ ಹಾಸುತ್ತ ಇದನ್ನು ತಾನೇ ಕಂಡುಕೊಂಡಿದ್ದ.

“ದೇವರು ಧಾರಾಳವಾಗಿ ಮಾಡಿದ ಸಂಖ್ಯೆ ಕಣೇ,” ಎನ್ನುತ್ತಿದ್ದ.

“ಅದನ್ನೇ ಮದುವೆ ಆಗಬೇಕಿತ್ತು ನೀವು,” ಎನ್ನುತ್ತಿದ್ದಳು, ಇಪ್ಪತ್ತು ವರ್ಷದಿಂದ ಅವನ ಜೊತೆ ಗಾರೆ ಕಲಸುತ್ತಿದ್ದ ಹೆಂಡತಿ.

ಹಾಗಾಗಿಯೇ ಅವನು ಮಾತು ಕೊಟ್ಟು ಸಿಕ್ಕಿಬಿದ್ದ. ಲೈಬ್ರರಿ ಮೇಡಂ ಬಳಿ ಓದುವ ಕೋಣೆಯ ನೆಲಕ್ಕೆಂದು ಅಂಗೈಯಗಲದ ಟೈಲ್ಸ್ ಎಂಬತ್ತನಾಲ್ಕು ಪೆಟ್ಟಿಗೆ ಇತ್ತು, ಪೆಟ್ಟಿಗೆಗೆ ಅರವತ್ತು. ನಾಲ್ಕು ಬಣ್ಣ, ಬಣ್ಣಕ್ಕೆ ಇಪ್ಪತ್ತೊಂದು ಪೆಟ್ಟಿಗೆ. ಅವನ್ನು ಮಾಡಿದ ಕಾರ್ಖಾನೆ ಮುಚ್ಚಿಹೋಗಿತ್ತು, ಇನ್ನೊಂದು ಬೇಕೆಂದರೂ ಸಿಗುವಂತಿರಲಿಲ್ಲ.

“ಒಂದನ್ನೂ ಕತ್ತರಿಸೋ ಹಾಗಿಲ್ಲ. ಸಾಲದಿದ್ರೆ ಈಗಲೇ ಹೇಳಿ ಮೇಸ್ತ್ರಿ, ಸಿಮೆಂಟ್ ನೆಲ ಮಾಡಿಸಿಬಿಡ್ತೀನಿ.”

ಮೇಸ್ತ್ರಿ ಮನಸ್ಸಿನಲ್ಲೇ ಗುಣಿಸಿದ. ಐದು ಸಾವಿರದ ನಲವತ್ತು! “ಸಾಲುತ್ತೆ ಮೇಡಂ, ಇದು ಎಂಥ ಕೋಣೆಗೂ ಹೊಂದುತ್ತೆ,” ಎಂದುಬಿಟ್ಟ. ಕೋಣೆಯನ್ನು ಅಳೆಯಲೇ ಇಲ್ಲ.

ಮರುದಿನ ಗಾರೆ ಹಾಕದೆ ಗೋಡೆಯುದ್ದಕ್ಕೂ ಒಂದು ಸಾಲು ಜೋಡಿಸಿ ನೋಡಿದರು. ಎಪ್ಪತ್ತೊಂದು. ಅಡ್ಡಗೋಡೆಗೂ ಎಪ್ಪತ್ತೊಂದು. ಮೇಸ್ತ್ರಿ ಗೋಡೆಯ ಮೇಲೆ ಪೆನ್ಸಿಲಿನಿಂದ ಗುಣಿಸಿ ಹಣೆ ಚಚ್ಚಿಕೊಂಡ.

“ಐದು ಸಾವಿರದ ನಲವತ್ತೊಂದು! ಒಂದೇ ಒಂದು ಕಡಿಮೆ ಕಣೇ! ಮೇಡಂಗೆ ಯಾವ ಮುಖ ತೋರಿಸಲಿ?”

ಹೆಂಡತಿ ಖಾಲಿ ನೆಲವನ್ನು ನೋಡಿದಳು. “ಮೂಲೆಯಲ್ಲಿ ಬಿಟ್ಟರೆ ಹಲ್ಲು ಬಿದ್ದ ಬಾಯಿ ಥರ ಕಾಣುತ್ತೆ. ನಟ್ಟನಡುವೆ ಬಿಟ್ಟರೆ?”

“ನಡುವೆ?” ಮೇಸ್ತ್ರಿ ಸೀಮೆಸುಣ್ಣ ಹಿಡಿದು ಕೋಣೆಯ ಮಧ್ಯಕ್ಕೆ ಓಡಿದ. ಅಲ್ಲಿ ಒಂದು ಟೈಲ್ಸಿನಷ್ಟು ಅಗಲದ ಚೌಕ ಮನೆ ಬರೆದ. ಒಂದು ಮೂಲೆಯಿಂದ ಅಡ್ಡ ಮೂವತ್ತಾರು ಟೈಲ್ಸ್, ಉದ್ದ ಮೂವತ್ತೈದು ಟೈಲ್ಸಿನ ಅಳತೆ ಎಣಿಸಿ ಗೆರೆ ಎಳೆದ. ಪಕ್ಕದ ಮೂಲೆಯಿಂದ ಅದನ್ನೇ ತಿರುಗಿಸಿ ಎಳೆದ. ಹೀಗೆ ನಾಲ್ಕು ಸಲ. ನಾಲ್ಕು ಸಮನಾದ ತುಂಡುಗಳು ಗಾಳಿಗೆ ತಿರುಗುವ ಕಾಗದದ ಗಿರಗಿಟ್ಲೆಯ ರೆಕ್ಕೆಗಳಂತೆ ಆ ಒಂದು ಮನೆಯನ್ನು ಸುತ್ತುವರಿದವು.

“ಒಂದೊಂದಕ್ಕೂ ಸಾವಿರದ ಇನ್ನೂರ ಅರವತ್ತು! ಅಂದ್ರೆ ಇಪ್ಪತ್ತೊಂದು ಪೆಟ್ಟಿಗೆ! ಒಂದು ತುಂಡಿಗೆ ಒಂದು ಬಣ್ಣ, ನೋಡೇ!” ಅವಳು ಕಣ್ಣು ಮುಚ್ಚಿ ಕ್ಷಣಕಾಲ ಕೈಮುಗಿದಳು.

ಸದ್ದು ಕೇಳಿ ಮೇಡಂ ಓಡಿ ಬಂದರು. ಮೇಸ್ತ್ರಿ ತಪ್ಪನ್ನೂ ಉಪಾಯವನ್ನೂ ಒಂದೇ ಉಸಿರಿಗೆ ಒದರಿದ. “ನಡುವೆ ಒಂದು ಕರಿಕಲ್ಲು ಕೂರಿಸಿದ್ರೆ ಆಯ್ತು ಮೇಡಂ. ಬೇಕು ಅಂತಲೇ ಮಾಡಿದ ಹಾಗಿರುತ್ತೆ!”

ಮೇಡಂ ಗೆರೆಗಳ ಸುತ್ತ ನಡೆದರು, ಇನ್ನೊಂದು ಸುತ್ತು ನಡೆದರು. “ಚೆನ್ನಾಗಿದೆ ಮೇಸ್ತ್ರಿ. ಆದ್ರೆ ಇಲ್ಲಿಗೆ ಹೊತ್ತು ತರೋವಾಗ ಒಂದೇ ಒಂದು ಒಡೆದ್ರೂ ಮತ್ತೆ ಕಡಿಮೆ ಬೀಳುತ್ತಲ್ಲ?”

“ಪೆಟ್ಟಿಗೆ ನಾನು ತರ್ತೀನಿ ಮೇಡಂ,” ಎಂದಳು ಹೆಂಡತಿ. “ಈ ಖುಷೀಲಿ ಇವರ ಕೈಗೆ ಒಂದು ಲೋಟನೂ ಕೊಡಬಾರದು.”

ಮೇಡಂ ನಗುತ್ತ ಪೆಟ್ಟಿಗೆಗಳಿದ್ದ ಕೋಣೆಯ ಬೀಗದಕೈಯನ್ನು ಅವಳ ಕೈಗೇ ಕೊಟ್ಟರು.